ಅಡ್ಡಬೀಳಬೇಡಿರೆಂದ ರಾಣಿ: ಜಪಾನಿನ ‘ಹನ್ನೆರಡು ರಾಜ್ಯಗಳ ವೃತ್ತಾಂತ’

ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಎನ್‌ಎಚ್‌ಕೆಯ ಉಪಗ್ರಹ ವಾಹಿನಿಯಲ್ಲಿ 2002ರ ಏಪ್ರಿಲ್ 9ರಂದು ಆರಂಭಗೊಂಡು 2003ರ ಆಗಸ್ಟ್ 30ರಂದು ಮುಕ್ತಾಯವಾದ ‘ಜೂನಿ ಕೊಕುಕಿ’ 45 ಕಂತುಗಳ ಅನಿಮೇಷನ್ ಧಾರಾವಾಹಿ. ಹೆಸರಿನ ಅರ್ಥ ‘ಹನ್ನೆರಡು ರಾಜ್ಯಗಳ ವೃತ್ತಾಂತ’ ಎಂದು. ಇಂಗ್ಲಿಷ್ ಬಲ್ಲ ಪ್ರೇಕ್ಷಕರಿಗೆ ಇದು ‘ದಿ ಟ್ವೆಲ್ವ್ ಕಿಂಗ್‌ಡಮ್ಸ್’ ಎಂಬ ಹೆಸರಿನಿಂದ ಪರಿಚಿತ. ಟೋಕಿಯೊದ ಸ್ಟುಡಿಯೊ ಪಿಯೆರೊ ನಿರ್ಮಿಸಿ, ತ್ಸುನೆಯೊ ಕೊಬಾಯಾಶಿ ನಿರ್ದೇಶಿಸಿದ ಈ ಸರಣಿಗೆ ಲೇಖಕಿ ಫುಯುಮಿ ಒನೊ ಅವರ ಅದೇ ಹೆಸರಿನ ಕಾದಂಬರಿ ಮಾಲೆಯೇ ಆಧಾರ. ಅನ್ಯಲೋಕವೊಂದರಲ್ಲಿ ದಿಕ್ಕಿಲ್ಲದೆ ಸಿಕ್ಕಿಬಿದ್ದ ಹೈಸ್ಕೂಲು ಹುಡುಗಿಯೊಬ್ಬಳು ಅಲ್ಲಿಯ ಒಂದು ರಾಜ್ಯದ ರಾಣಿಯಾಗುವುದು ಇದರ ಮುಖ್ಯ ಕಥೆ.

ಹುಡುಗಿಯೊಬ್ಬಳು ಕಾಣದ ಲೋಕಕ್ಕೆ ಜಾರಿಬೀಳುವ ಕಥೆ ಹೊಸದೇನೂ ಅಲ್ಲ. ಲೂಯಿಸ್ ಕ್ಯಾರಲ್‌ನ ಆಲಿಸ್ ಮೊಲದ ಬಿಲದೊಳಗೆ ಬಿದ್ದದ್ದು 1865ರಲ್ಲಿ. ಸುಂಟರಗಾಳಿ ಡೊರೊಥಿಯನ್ನು ಆಜ್ ದೇಶಕ್ಕೆ ಒಯ್ದದ್ದು 1900ರಲ್ಲಿ. ಜಪಾನಿನ ಅನಿಮೇಷನ್ ಲೋಕದಲ್ಲಂತೂ 1990ರ ದಶಕ ಇಂಥ ಕಥೆಗಳ ಸುಗ್ಗಿ. ‘ಮ್ಯಾಜಿಕ್ ನೈಟ್ ರೇಯರ್ತ್’, ‘ಫುಶಿಗಿ ಯೂಗಿ’, ‘ಎಸ್ಕಾಫ್ಲೋನ್’ ಒಂದರ ಹಿಂದೊಂದು ಬಂದವು. ಹಯಾವೊ ಮಿಯಾಜಾಕಿ ಅವರ ‘ಸ್ಪಿರಿಟೆಡ್ ಅವೇ’ ಚಿತ್ರಮಂದಿರಗಳಿಗೆ ಬಂದದ್ದು ‘ಜೂನಿ ಕೊಕುಕಿ’ಯ ಹಿಂದಿನ ವರ್ಷ, ಅಂದರೆ 2001ರ ಜುಲೈನಲ್ಲಿ. ಈ ಕಥೆಗಳಲ್ಲಿ ಸಾಮಾನ್ಯವಾಗಿ ಹುಡುಗಿಗೆ ಆ ಲೋಕದಲ್ಲಿ ಒಂದು ಕೆಲಸ ಕಾದಿರುತ್ತದೆ, ಅದು ಮುಗಿದೊಡನೆ ಮನೆಯ ದಾರಿ ತೆರೆಯುತ್ತದೆ. ‘ಜೂನಿ ಕೊಕುಕಿ’ಯ ನಾಯಕಿಗೆ ಈ ಭಾಗ್ಯ ಇಲ್ಲ. ಮನೆಯೆಂದು ಅವಳು ತಿಳಿದದ್ದು ಅವಳ ಮನೆಯಲ್ಲ. ಅವಳಿಗೆ ಕಾದಿರುವ ಕೆಲಸ ಮುಗಿಯುವಂಥದ್ದೂ ಅಲ್ಲ.

ಒನೊ ಅವರ ಲೇಖನಿ

ಫುಯುಮಿ ಒನೊ 1960ರಲ್ಲಿ ಓಇತಾ ಪ್ರಾಂತದ ನಕಾತ್ಸು ಪಟ್ಟಣದಲ್ಲಿ ಜನಿಸಿದರು. ಕ್ಯೋಟೊದ ಒತಾನಿ ವಿಶ್ವವಿದ್ಯಾಲಯದಲ್ಲಿ ಬೌದ್ಧ ಅಧ್ಯಯನ ಮಾಡಿದ ಅವರು ಭಯಾನಕ ಕಥೆಗಳ ಮೂಲಕವೇ ಮೊದಲು ಹೆಸರಾದವರು. ಮಾಲೆಗೆ ನಾಂದಿಯೆನ್ನಬಹುದಾದ ‘ಮಾಶೋ ನೊ ಕೊ’ ಕೂಡ 1991ರಲ್ಲಿ ಭಯಾನಕ ಕಾದಂಬರಿಯಾಗಿಯೇ ಬಂತು. ತನ್ನ ಸುತ್ತ ಅನಾಹುತಗಳನ್ನೇ ಹೊತ್ತು ತಿರುಗುವ ವಿಚಿತ್ರ ಹುಡುಗನೊಬ್ಬನ ಕಥೆ ಅದು. ಆ ಹುಡುಗ ಯಾವ ಲೋಕದಿಂದ ಬಂದವನು ಎಂಬ ಪ್ರಶ್ನೆಗೆ ಉತ್ತರವಾಗಿ ಹನ್ನೆರಡು ರಾಜ್ಯಗಳ ಲೋಕ ಬೆಳೆಯಿತು. 1992ರಲ್ಲಿ ಮಾಲೆಯ ಮೊದಲ ಕಾದಂಬರಿ, ಎರಡು ಸಂಪುಟಗಳಲ್ಲಿ, ಕೊದಾನ್ಶಾ ಪ್ರಕಾಶನದ ‘ವೈಟ್ ಹಾರ್ಟ್’ ಎಂಬ ವಿಭಾಗದಲ್ಲಿ ಹೊರಬಂತು. ಹದಿಹರೆಯದ ಹುಡುಗಿಯರಿಗೆಂದೇ ಮೀಸಲಾದ ಅಗ್ಗದ ಪುಸ್ತಕಗಳ ವಿಭಾಗವದು. ರಾಜ್ಯಾಡಳಿತ, ತೆರಿಗೆ, ಭೂಹಂಚಿಕೆ, ಕಾನೂನು ಎಂದು ಪುಟಗಟ್ಟಲೆ ಚರ್ಚಿಸುವ ಕಥೆ ಅಂಥ ಕಡೆ ಪ್ರಕಟವಾದದ್ದು ಇಂದಿಗೂ ಬೆರಗು ಹುಟ್ಟಿಸುವ ಸಂಗತಿ.

ತಲೆ ತಗ್ಗಿಸಿದ ಹುಡುಗಿ

ಕಥಾನಾಯಕಿ ಯೋಕೊ ನಕಾಜಿಮಾ ತರಗತಿಯ ಮುಖ್ಯಸ್ಥೆ, ಚೆನ್ನಾಗಿ ಓದುವವಳು, ಯಾರ ಮಾತಿಗೂ ಇಲ್ಲವೆನ್ನದವಳು. ಹುಟ್ಟಿನಿಂದಲೇ ಕೆಂಚಾದ ಅವಳ ಕೂದಲು ಶಿಕ್ಷಕರ ಕಣ್ಣು ಕುಕ್ಕುತ್ತದೆ, ಅದಕ್ಕೆ ಬಣ್ಣ ಹಚ್ಚಬಾರದೇಕೆ ಎಂದು ಕೇಳುತ್ತಾರೆ. ಹೆಣ್ಣುಮಗಳು ಅಡಕವಾಗಿರಬೇಕೆಂಬುದು ತಂದೆಯ ಪಟ್ಟು. ತರಗತಿಯ ಹುಡುಗಿಯರು ಯೂಕಾ ಸುಗಿಮೊತೊ ಎಂಬ ಸಹಪಾಠಿಯನ್ನು ದೂರವಿಟ್ಟು ಪೀಡಿಸುವಾಗ ಯೋಕೊ ಪೀಡಿಸುವುದಿಲ್ಲ, ತಡೆಯುವುದೂ ಇಲ್ಲ. ಎಲ್ಲರ ಕಣ್ಣಿಗೂ ಒಳ್ಳೆಯವಳಾಗಿ ಉಳಿಯಬೇಕೆಂಬ ಭಯದಲ್ಲಿ ಅವಳು ಯಾರಿಗೂ ಏನೂ ಆಗಿರುವುದಿಲ್ಲ. ಇದನ್ನು ಸರಣಿ ಮೊದಲ ಕಂತಿನಲ್ಲೇ ನಿರ್ದಾಕ್ಷಿಣ್ಯವಾಗಿ ತೋರಿಸಿಬಿಡುತ್ತದೆ.

ಒಂದು ದಿನ ಹೊಂಬಣ್ಣದ ಕೂದಲಿನ ಅಪರಿಚಿತನೊಬ್ಬ ಶಾಲೆಗೇ ಬಂದು, ಎಲ್ಲರೆದುರು ಅವಳ ಕಾಲ ಬಳಿ ತಲೆ ಬಾಗಿಸಿ, ಎಂದೂ ಬಳಿಯಿಂದ ಅಗಲೆನು, ಅಪ್ಪಣೆ ಮೀರೆನು ಎಂದು ಪ್ರಮಾಣ ಮಾಡುತ್ತಾನೆ. ಅದನ್ನು ಒಪ್ಪಿಕೊಂಡೆನೆನ್ನುವಂತೆ ಒತ್ತಾಯಿಸುತ್ತಾನೆ. ಕಿಟಕಿಯ ಗಾಜುಗಳು ಒಡೆದು ಚೂರಾಗುವ ಗದ್ದಲದಲ್ಲಿ ಅವಳು ಒಪ್ಪಿಗೆಯ ಒಂದು ಮಾತನ್ನು ಆಡಿಬಿಡುತ್ತಾಳೆ. ಆ ಒಂದು ಮಾತಿನಿಂದ ತಾನು ಏನಾದೆನೆಂಬುದು ಅವಳಿಗೆ ತಿಳಿಯುವುದು ಎಷ್ಟೋ ಕಂತುಗಳ ಬಳಿಕ. ಅಪರಿಚಿತನ ಹೆಸರು ಕೇಕಿ. ಬೆನ್ನಟ್ಟಿದ ದೈತ್ಯಮೃಗಗಳಿಂದ ಪಾರಾಗಲು ಅವನು ಅವಳಿಗೊಂದು ಕತ್ತಿ ಕೊಡುತ್ತಾನೆ. ಕತ್ತಿ ಹಿಡಿದೇ ಗೊತ್ತಿಲ್ಲದವಳಿಗೆ ಮೈದುಂಬಿ ಹೋರಾಡಿಸಬಲ್ಲ ಒಂದು ಭೂತವನ್ನೂ ಒಳಗೆ ಸೇರಿಸುತ್ತಾನೆ. ಸಮುದ್ರದ ಮೇಲೆ ಬಿದ್ದ ಚಂದ್ರನ ಪ್ರತಿಬಿಂಬದೊಳಗಿನಿಂದ ಅನ್ಯಲೋಕಕ್ಕೆ ದಾಟುವಾಗ ಇಬ್ಬರೂ ಬೇರ್ಪಡುತ್ತಾರೆ. ಯೋಕೊ ಬಂದು ಬೀಳುವುದು ಕೋ ಎಂಬ ರಾಜ್ಯದ ಕರಾವಳಿಯಲ್ಲಿ, ಅದೂ ಬೇರೆಯದೇ ಮುಖ, ಕಡುಗೆಂಪು ಕೂದಲು, ಹಸಿರು ಕಣ್ಣುಗಳೊಡನೆ.

ಮುಂದಿನದು ಮಕ್ಕಳ ಅದ್ಭುತ ಕಥೆಗಳಲ್ಲಿ ಕಾಣುವಂಥ ಸ್ವಾಗತವಲ್ಲ. ಎರಡು ಲೋಕಗಳ ಗಡಿ ಕಲಸಿಹೋಗುವ ಬಿರುಗಾಳಿಗೆ ಅಲ್ಲಿಯವರು ‘ಶೋಕು’, ಅಂದರೆ ಗ್ರಹಣ, ಎನ್ನುತ್ತಾರೆ. ಆ ಗಾಳಿ ಹೊಲಗದ್ದೆಗಳನ್ನು ಕೊಚ್ಚಿ ಜನರನ್ನೂ ಕೊಂದಿದೆ. ಅದರೊಂದಿಗೆ ಬಂದ ಹುಡುಗಿ ಅವರ ಪಾಲಿಗೆ ಅಪಶಕುನ. ಅವಳನ್ನು ಕಟ್ಟಿ ಒಯ್ಯುತ್ತಾರೆ. ದಾರಿಯಲ್ಲಿ ತಪ್ಪಿಸಿಕೊಂಡವಳಿಗೆ ಅನ್ನವಿಟ್ಟು ಆದರಿಸಿದ ಹೆಂಗಸು ವೇಶ್ಯಾಗೃಹಕ್ಕೆ ಮಾರಲು ಹೊರಡುತ್ತಾಳೆ. ಆಮೇಲೆ ಸಿಕ್ಕ ಮುದುಕ ಜಪಾನಿನವನೇ. ಎರಡನೇ ಮಹಾಯುದ್ಧದ ಕೊನೆಯ ದಿನಗಳಲ್ಲಿ, 1945ರಲ್ಲಿ, ಕೊಚ್ಚಿಬಂದವನು. ಯುದ್ಧದಲ್ಲಿ ಜಪಾನ್ ಸೋತಿತೆಂದು ಅವನಿಗೆ ತಿಳಿಯುವುದು ಯೋಕೊಳ ಬಾಯಿಂದ. ತನ್ನ ನಾಡಿನವಳನ್ನು ಕಂಡು ಕಣ್ಣೀರಿಟ್ಟ ಆ ಮುದುಕನೇ ಬೆಳಗಾಗುವುದರೊಳಗೆ ಅವಳ ಗಂಟನ್ನು ಎತ್ತಿಕೊಂಡು ಹೋಗಿರುತ್ತಾನೆ. ಕತ್ತಿಯ ಅಲಗಿನಲ್ಲಿ ಮನೆಯ ದೃಶ್ಯಗಳು ಮೂಡುತ್ತವೆ. ತಾಯಿ ಅಳುತ್ತಾಳೆ, ನಿಜ. ಆದರೆ ಸಹಪಾಠಿಗಳು ಅವಳ ಕುರಿತು ಆಡಿಕೊಳ್ಳುವ ಮಾತುಗಳು ಕೇಳಲಾಗದಂಥವು. ತಲೆ ತಗ್ಗಿಸಿ ಎಲ್ಲರನ್ನೂ ಮೆಚ್ಚಿಸಿದ್ದಕ್ಕೆ ದಕ್ಕಿದ ಫಲ ಇದು.

ಯೋಕೊ ಕ್ರಮೇಣ ಕಲ್ಲಾಗುತ್ತಾಳೆ. ಮಳೆಯಲ್ಲಿ ಕುಸಿದು ಬಿದ್ದವಳನ್ನು ಎತ್ತಿ ಮನೆಗೊಯ್ದು ಉಪಚರಿಸುವ ರಾಕುಶುನ್‌ನನ್ನೂ ಅವಳು ನಂಬುವುದಿಲ್ಲ. ರಾಕುಶುನ್ ಅರೆಮೃಗ. ಮಗುವಿನಷ್ಟು ಎತ್ತರದ ಇಲಿಯ ರೂಪದಲ್ಲಿ ಓಡಾಡುವ, ಬೇಕಾದಾಗ ಮನುಷ್ಯನಾಗಬಲ್ಲ ತರುಣ. ಪ್ರಯಾಣದ ನಡುವೆ ಮೃಗಗಳ ದಾಳಿಯಾದಾಗ ಗಾಯಗೊಂಡ ಅವನನ್ನು ಬಿಟ್ಟು ಅವಳು ಓಡುತ್ತಾಳೆ. ಇವನು ಬದುಕಿದ್ದರೆ ತನ್ನ ಸುಳಿವು ಕೊಟ್ಟಾನು, ಹಿಂದಿರುಗಿ ಹೋಗಿ ಮುಗಿಸಿಬಿಡಲೇ ಎಂದೂ ಯೋಚಿಸುತ್ತಾಳೆ. ಸರಣಿಯ ಅತ್ಯಂತ ಕಠೋರವಾದ ಗಳಿಗೆ ಇದು. ಅಲ್ಲಿಂದಲೇ ಅವಳು ಏಳುತ್ತಾಳೆ. ಪರರು ತನಗೆ ದ್ರೋಹ ಮಾಡುವುದು ಅವರ ಹೀನತನ, ಅದಕ್ಕಾಗಿ ತಾನೂ ಹೀನಳಾಗಬೇಕಿಲ್ಲ ಎಂಬ ಅರಿವಿಗೆ ಬರುತ್ತಾಳೆ. ಬೇರೆ ಸರಣಿಯಾಗಿದ್ದರೆ ಈ ಮಾತು ಉಪದೇಶದಂತೆ ಕೇಳುತ್ತಿತ್ತು. ಇಲ್ಲಿ ಅದಕ್ಕೆ ಮುನ್ನ ಅವಳು ಅನುಭವಿಸಿದ್ದು ಕಣ್ಣ ಮುಂದೆಯೇ ಇರುವುದರಿಂದ ಹಾಗೆನಿಸುವುದಿಲ್ಲ.

ಹೆಸರಿಗೆ ಮಾತ್ರ ಅತಿಥಿ

ಬಿರುಗಾಳಿಯಲ್ಲಿ ಜಪಾನಿನಿಂದ ಬಂದವರನ್ನು ಆ ಲೋಕದಲ್ಲಿ ‘ಕೈಕ್ಯಾಕು’ ಎನ್ನುತ್ತಾರೆ. ‘ಕಡಲ ಅತಿಥಿ’ ಎಂದರ್ಥ. ಚೀನಾದಿಂದ ಬಂದವರು ‘ಸಾನ್‌ಕ್ಯಾಕು’, ಬೆಟ್ಟದ ಅತಿಥಿಗಳು. ಹೆಸರು ಅತಿಥಿಯಾದರೂ ಸತ್ಕಾರ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕೋ ರಾಜ್ಯದಲ್ಲಿ ಅವರನ್ನು ಬೇಟೆಯಾಡುತ್ತಾರೆ. ಅರೆಮೃಗಗಳಿಗೂ ಅಲ್ಲಿ ಜಮೀನಿಲ್ಲ, ಉದ್ಯೋಗವಿಲ್ಲ, ಮೇಲಿನ ಓದಿಲ್ಲ. ರಾಕುಶುನ್ ಮನೆಯ ಪುಸ್ತಕಗಳನ್ನು ಓದಿಯೇ ಪಂಡಿತನಾದವನು. ನೆರೆಯ ಎನ್ ರಾಜ್ಯದಲ್ಲಿ ಇದೇ ಅತಿಥಿಗಳಿಗೆ ಗುರುತಿನ ಪತ್ರ, ಶಾಲೆ, ಜೀವನಾಧಾರಕ್ಕೆ ಹಣ ಎಲ್ಲವೂ ಉಂಟು. ಎನ್‌ನ ಬಂದರಿಗೆ ಹಡಗು ಮುಟ್ಟಿದಾಗ ಯೋಕೊಳ ಕಣ್ಣಿಗೆ ಮೊದಲು ಬೀಳುವುದು ಜನರ ಮೈಮೇಲಿನ ಕಳೆ. ಅಲ್ಲಿ ಅವಳಿಗೆ ಭೇಟಿಯಾಗುವ ಶಿಕ್ಷಕನೊಬ್ಬ ಟೋಕಿಯೊ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದವನು. 1969ರ ಜನವರಿಯಲ್ಲಿ ಪೊಲೀಸರು ಮುತ್ತಿದ ಯಾಸುದಾ ಸಭಾಂಗಣದಿಂದ ಬಂದೆನೆನ್ನುತ್ತಾನೆ. ವಿದ್ಯಾರ್ಥಿ ಚಳವಳಿ ಸೋತ ಆ ದಿನಗಳು ಜಪಾನಿನ ಒಂದು ತಲೆಮಾರಿನ ನೆನಪಿನಲ್ಲಿ ಉಳಿದಿವೆ. ಇಷ್ಟು ಹೇಳಿದರೆ ಅಲ್ಲಿಯ ಪ್ರೇಕ್ಷಕರಿಗೆ ಉಳಿದದ್ದನ್ನು ವಿವರಿಸಬೇಕಿಲ್ಲ.

ಅನ್ಯಲೋಕದ ಕಥೆಗಳಲ್ಲಿ ಎಲ್ಲರೂ ಒಂದೇ ಭಾಷೆಯಾಡುವುದನ್ನು ಪ್ರೇಕ್ಷಕರು ಪ್ರಶ್ನಿಸದೆ ಒಪ್ಪಿಕೊಳ್ಳುತ್ತಾರೆ. ಒನೊ ಒಪ್ಪುವುದಿಲ್ಲ. ಸಾಮಾನ್ಯ ಕೈಕ್ಯಾಕುಗಳಿಗೆ ಅಲ್ಲಿಯ ಭಾಷೆ ತಿಳಿಯದು. ಕಲಿಯಬೇಕು, ಇಲ್ಲವೇ ಮೂಕರಾಗಿ ಬಾಳಬೇಕು. ಯೋಕೊಗೆ ಮೊದಲ ದಿನದಿಂದಲೂ ಎಲ್ಲರ ಮಾತು ಜಪಾನಿ ಭಾಷೆಯಂತೆಯೇ ಕೇಳಿಸುತ್ತದೆ. ಅವಳು ಸಾಮಾನ್ಯಳಲ್ಲವೆಂಬುದಕ್ಕೆ ಎಲ್ಲರ ಕಣ್ಣೆದುರಿಗಿದ್ದೂ ಯಾರೂ ಗಮನಿಸದ ಸುಳಿವು ಅದು.

ದೊರೆ ತಪ್ಪಿದರೆ ಮಳೆ ತಪ್ಪೀತು

ಈ ಲೋಕದ ರಚನೆಯನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಭೂಪಟ ಅರಳಿದ ಹೂವಿನಂತೆ, ಅಳೆದು ಬರೆದಷ್ಟು ಸಮ. ನಡುವೆ ದೈವಗಳ ಪರ್ವತ, ಸುತ್ತ ಎಂಟು ರಾಜ್ಯ, ಹೊರಗಿನ ಕಡಲಲ್ಲಿ ಮತ್ತೆ ನಾಲ್ಕು. ಮಕ್ಕಳು ತಾಯಿಯ ಹೊಟ್ಟೆಯಲ್ಲಿ ಹುಟ್ಟುವುದಿಲ್ಲ. ದಂಪತಿಗಳು ಮರದ ಕೊಂಬೆಗೆ ಪಟ್ಟಿ ಕಟ್ಟಿ ಬೇಡಿಕೊಂಡರೆ ಕಾಯಿಯೊಂದು ಕಟ್ಟುತ್ತದೆ, ಅದರೊಳಗೆ ಮಗು. ಬಿರುಗಾಳಿಗೆ ಸಿಕ್ಕಿ ಆ ಕಾಯಿ ಜಪಾನಿಗೋ ಚೀನಾಕ್ಕೋ ತೂರಿಹೋದರೆ ಅಲ್ಲಿ ಯಾವಳೋ ತಾಯಿಯ ಗರ್ಭ ಸೇರಿ ಹುಟ್ಟುತ್ತದೆ. ಯೋಕೊ ಅಂಥ ಕಾಯಿ. ಹೆತ್ತವರೆಂದು ಅವಳು ತಿಳಿದವರು ಸಾಕಿದವರಷ್ಟೇ.

ಪ್ರತಿ ರಾಜ್ಯಕ್ಕೂ ಒಂದು ‘ಕಿರಿನ್’. ಚೀನಾದ ಪುರಾಣಗಳಲ್ಲಿ ‘ಚೀಲಿನ್’ ಎಂದು ಹೆಸರಾದ ಮಂಗಳಮೃಗವೇ ಇದು. ಮನುಷ್ಯರೂಪವನ್ನೂ ತಾಳಬಲ್ಲದು. ದಯೆಯೇ ಅದರ ಸ್ವಭಾವ, ರಕ್ತದ ವಾಸನೆಗೇ ಕಾಯಿಲೆ ಬೀಳುತ್ತದೆ. ಗಂಡಿಗೆ ರಾಜ್ಯದ ಹೆಸರಿನೊಡನೆ ‘ಕಿ’, ಹೆಣ್ಣಿಗೆ ‘ರಿನ್’ ಸೇರಿಸಿ ಕರೆಯುವುದು ವಾಡಿಕೆ. ಕೇ ರಾಜ್ಯದ ಗಂಡು ಕಿರಿನ್ ಆದ್ದರಿಂದಲೇ ಅವನು ಕೇಕಿ. ದೈವಸಂಕಲ್ಪವನ್ನು ಅರಿತು ರಾಜ್ಯಕ್ಕೆ ಅರಸನನ್ನು ಆರಿಸುವುದು ಕಿರಿನ್‌ನ ಕೆಲಸ. ವಂಶಪಾರಂಪರ್ಯವಿಲ್ಲ, ಜಾತಿ ಅಂತಸ್ತು ಇಲ್ಲ, ವ್ಯಾಪಾರಿಯೂ ರೈತನೂ ಅರಸನಾಗಬಹುದು. ಆರಿಸಲ್ಪಟ್ಟವನಿಗೆ ಮುಪ್ಪಿಲ್ಲ. ಆದರೆ ಧರ್ಮ ತಪ್ಪಿದರೆ ಕಿರಿನ್ ರೋಗಕ್ಕೆ ಬೀಳುತ್ತದೆ, ಅದು ಸತ್ತರೆ ಅರಸನೂ ಉಳಿಯುವುದಿಲ್ಲ. ಸಿಂಹಾಸನ ಬರಿದಾದ ರಾಜ್ಯದಲ್ಲಿ ಮಳೆ ಬೆಳೆ ಕೆಡುತ್ತವೆ, ದುಷ್ಟಮೃಗಗಳು ಊರಿಗೆ ನುಗ್ಗುತ್ತವೆ. ದೊರೆ ನೆಟ್ಟಗಿದ್ದರೆ ಮಳೆ ನೆಟ್ಟಗೆ ಎಂಬ ನಂಬಿಕೆ ಕನ್ನಡ ನಾಡಿನಲ್ಲಿಯೂ ಇದ್ದದ್ದೇ. ಇಲ್ಲಿ ಅದು ನಂಬಿಕೆಯಲ್ಲ, ನಿಸರ್ಗದ ನಿಯಮ. ಪ್ರಾಚೀನ ಚೀನಾದ ರಾಜನೀತಿಯಲ್ಲಿದ್ದ ‘ಸ್ವರ್ಗದ ಆದೇಶ’ ಎಂಬ ಕಲ್ಪನೆಯನ್ನು ಒನೊ ಅಕ್ಷರಶಃ ತೆಗೆದುಕೊಂಡಿದ್ದಾರೆ. ಹಾಗೆ ತೆಗೆದುಕೊಂಡರೆ ಏನಾದೀತೆಂದು ಲೆಕ್ಕ ಹಾಕಿದ್ದಾರೆ.

ಅವರ ಲೆಕ್ಕ ಹಿತವಾದದ್ದಲ್ಲ. ದೈವವೇ ಆರಿಸಿದ ಅರಸನೂ ಕೆಡುತ್ತಾನೆ. ಯೋಕೊಳ ಹಿಂದಿನ ರಾಣಿ ಕೇಕಿಯನ್ನೇ ಪ್ರೀತಿಸಿ, ಅಸೂಯೆಯಿಂದ ರಾಜ್ಯದ ಹೆಂಗಸರನ್ನೆಲ್ಲ ಹೊರಗಟ್ಟಿದವಳು. ಅವನು ರೋಗಕ್ಕೆ ಬಿದ್ದಾಗ ತಾನೇ ಪದತ್ಯಾಗ ಮಾಡಿ ಪ್ರಾಣ ಬಿಟ್ಟು ಅವನನ್ನು ಉಳಿಸಿದಳು. ಕೋ ರಾಜ್ಯದ ಅರಸ ಕ್ರೂರಿಯೇನಲ್ಲ, ಹೊಟ್ಟೆಕಿಚ್ಚಿನವನು. ಎನ್ ರಾಜ್ಯದ ಅರಸ ಶೋರ್ಯೂ ಜಪಾನಿನಲ್ಲಿ ಬೆಳೆದು ಬಂದವನು, ಅವನ ಆಳ್ವಿಕೆಗೆ ಐನೂರು ವರ್ಷ ತುಂಬಿದೆ, ರಾಜ್ಯ ಸಂಪನ್ನವಾಗಿದೆ. ಕೇ ರಾಜ್ಯಕ್ಕೂ ಅಂಥವಳೇ ಬಂದರೆ ನಡುವೆ ತನ್ನದೊಂದೇ ಬಡವಾಗಿ ಕಾಣುವುದೆಂಬ ಸಂಕಟದಿಂದ ಕೋ ಅರಸ ಅವಳ ಮೇಲೆ ಮೃಗಗಳನ್ನು ಬಿಟ್ಟಿದ್ದ. ಅದೇ ಅವನಿಗೂ ಅವನ ಕಿರಿನ್‌ಗೂ ಮೃತ್ಯುವಾಗುತ್ತದೆ.

ಎರಡು ಹೆಜ್ಜೆಯ ಅಂತರ

ಕಿರಿನ್ ತನ್ನ ಅರಸನ ಹೊರತು ಬೇರಾರಿಗೂ ತಲೆಬಾಗಲಾರದು ಎಂಬುದು ಆ ಲೋಕದ ಇನ್ನೊಂದು ನಿಯಮ. ಶಾಲೆಯಲ್ಲಿ ಕೇಕಿ ತಲೆ ಬಾಗಿಸಿದ್ದು ನಮಸ್ಕಾರವಲ್ಲ, ಪಟ್ಟಾಭಿಷೇಕ. ಸತ್ಯ ತಿಳಿದೊಡನೆ ರಾಕುಶುನ್ ಕೂಡ ಯೋಕೊಳಿಂದ ದೂರ ಸರಿದು ನಿಲ್ಲುತ್ತಾನೆ, ಮಾತಿನ ಧಾಟಿ ಬದಲಾಗುತ್ತದೆ. ಅವಳಿಗೆ ಸಿಟ್ಟೂ ದುಃಖವೂ ಬರುತ್ತವೆ. ತನ್ನ ನಿನ್ನ ನಡುವೆ ಇರುವುದು ಎರಡೇ ಹೆಜ್ಜೆ ಎನ್ನುತ್ತಾಳೆ. ತನಗಾದರೆ ಮೂರು ಹೆಜ್ಜೆ ಎಂದು ಆ ಪುಟ್ಟ ಇಲಿ ಉತ್ತರಿಸುತ್ತಾನೆ. ಸರಣಿಯ ಅಭಿಮಾನಿಗಳು ಇಂದಿಗೂ ನೆನೆಯುವ ದೃಶ್ಯವಿದು, ಮುಂದಿನ ಕಥೆಯ ಬೀಜವೂ ಹೌದು.

ಎರಡನೆಯ ಭಾಗ, 15ರಿಂದ 21ನೇ ಕಂತಿನವರೆಗೆ, ತೈ ರಾಜ್ಯದ ಕಿರಿನ್ ಆದ ಬಾಲಕ ತೈಕಿಯ ಕಥೆ. ಹತ್ತು ವರ್ಷ ಜಪಾನಿನಲ್ಲಿ ಬೆಳೆದ ಅವನಿಗೆ ಮೃಗರೂಪ ತಾಳುವುದೂ ಗೊತ್ತಿಲ್ಲ, ದೈವಸಂಕಲ್ಪ ಹೇಗೆ ತಿಳಿಯುವುದೆಂಬುದೂ ಗೊತ್ತಿಲ್ಲ. ಗ್ಯೋಸೋ ಎಂಬ ಸೇನಾನಿ ಹೊರಟುಹೋದಾನೆಂಬ ಭಯಕ್ಕೆ ಅವನ ಕಾಲಿಗೆ ಬಾಗಿ ಅರಸನಾಗಿ ಆರಿಸಿಬಿಡುತ್ತಾನೆ. ಸುಳ್ಳು ಹೇಳಿ ರಾಜ್ಯವನ್ನೇ ವಂಚಿಸಿದೆನೆಂಬ ಅಪರಾಧಭಾವ ಮಗುವನ್ನು ತಿನ್ನತೊಡಗುತ್ತದೆ. ಆಗ ಎನ್ ಅರಸ ತನಗೆ ತಲೆಬಾಗುವಂತೆ ತೈಕಿಗೆ ಅಪ್ಪಣೆ ಮಾಡುತ್ತಾನೆ. ಹುಡುಗ ಎಷ್ಟೇ ಯತ್ನಿಸಿದರೂ, ಹಿಡಿದು ಅದುಮಿದರೂ, ತಲೆ ನೆಲ ಮುಟ್ಟುವುದಿಲ್ಲ. ಸುಳ್ಳಿಗಾಗಿ ಬಾಗಲು ಅವನಿಂದ ಸಾಧ್ಯವೇ ಇಲ್ಲವಾದ ಮೇಲೆ ಮೊದಲು ಬಾಗಿದ್ದು ಸುಳ್ಳಾಗಿರಲಾರದು. ಮಗುವಿನ ಸಂಕಟವನ್ನು ಇಷ್ಟು ಕಠಿಣವಾಗಿ ಪರೀಕ್ಷಿಸಿ, ಇಷ್ಟು ಮೃದುವಾಗಿ ಪರಿಹರಿಸುವ ಪ್ರಸಂಗ ಅನಿಮೇಷನ್‌ನಲ್ಲಿ ಅಪರೂಪ.

ಮೂವರು ಹುಡುಗಿಯರು

23ನೇ ಕಂತಿನಿಂದ 39ರವರೆಗಿನ ಮೂರನೆಯ ಭಾಗವೇ ಸರಣಿಯ ಶಿಖರ. ಸಿಂಹಾಸನವೇರಿದ ಯೋಕೊ ಮತ್ತೆ ಹಳೆಯ ಹುಡುಗಿಯೇ ಆಗುತ್ತಾಳೆ. ಮಾತು ತಿಳಿದರೂ ಅಲ್ಲಿಯ ಲಿಪಿ ಓದಲು ಬಾರದು. ಕಡತ ಮುಂದಿಟ್ಟು ಮಂತ್ರಿಗಳು ನಿಟ್ಟುಸಿರು ಬಿಡುತ್ತಾರೆ, ಅದಕ್ಕಂಜಿ ಅವರು ಹೇಳಿದ್ದಕ್ಕೆಲ್ಲ ಒಪ್ಪುತ್ತಾಳೆ. ಎಲ್ಲರೂ ನೆಲಕ್ಕೆ ಹಣೆ ಹಚ್ಚಿ ಬಿದ್ದಿರುತ್ತಾರೆ, ಒಬ್ಬನ ಮುಖವೂ ಅವಳಿಗೆ ಕಾಣಿಸುವುದಿಲ್ಲ. ಕೊನೆಗೆ ಅರಮನೆ ಬಿಟ್ಟು, ವೇಷ ಮರೆಸಿ, ಹಳ್ಳಿಯಲ್ಲಿ ಎನ್‌ಹೋ ಎಂಬ ವೃದ್ಧ ಗುರುವಿನ ಬಳಿ ರಾಜ್ಯವೆಂದರೇನೆಂದು ಕಲಿಯಲು ಹೋಗುತ್ತಾಳೆ.

ಇದೇ ವೇಳೆಗೆ ಇನ್ನಿಬ್ಬರು ಹುಡುಗಿಯರು ಬೇರೆ ಬೇರೆ ದಿಕ್ಕಿನಿಂದ ಕೇ ರಾಜ್ಯದತ್ತ ಹೊರಟಿದ್ದಾರೆ. ಶೋಕೇ ರಾಜಕುಮಾರಿಯಾಗಿದ್ದವಳು. ಚಿಕ್ಕ ತಪ್ಪಿಗೂ ತಲೆ ತೆಗೆಸುತ್ತಿದ್ದ ತಂದೆ ದಂಗೆಯಲ್ಲಿ ಹತನಾದ ಮೇಲೆ ಬೀದಿಗೆ ಬಿದ್ದವಳು. ತನಗೇನೂ ತಿಳಿದಿರಲಿಲ್ಲ, ತನ್ನನ್ನೇಕೆ ಶಿಕ್ಷಿಸಬೇಕು ಎಂಬುದು ಅವಳ ವಾದ. ಅರಸನ ಮಗಳಾಗಿ ತಿಳಿಯದೆ ಇದ್ದದ್ದೇ ತಪ್ಪು ಎಂದು ಅವಳಿಗೆ ಮನಗಾಣಿಸುವವನು ರಾಕುಶುನ್. ಇನ್ನೊಬ್ಬಳು ಸುಜು. ಮೇಜಿ ಕಾಲದ ಜಪಾನಿನಲ್ಲಿ ಬಡತನದಿಂದ ಜೀತಕ್ಕೆ ಮಾರಲ್ಪಟ್ಟು, ದಾರಿಯಲ್ಲಿ ಕೊಚ್ಚಿಬಂದವಳು. ಭಾಷೆ ಬಾರದ ಸಂಕಟ ತಾಳಲಾರದೆ, ಮಾತು ತಿಳಿಯುವ ವರಕ್ಕಾಗಿ, ಕ್ರೂರಿಯಾದ ಒಡತಿಯೊಬ್ಬಳ ಬಳಿ ನೂರು ವರ್ಷ ಚಾಕರಿ ಮಾಡಿದವಳು. ಕೇ ರಾಜ್ಯಕ್ಕೆ ಜಪಾನಿನ ಹುಡುಗಿ ರಾಣಿಯಾಗಿದ್ದಾಳೆಂಬ ಸುದ್ದಿ ಕೇಳಿ ಒಬ್ಬಳು ಹೊಟ್ಟೆಕಿಚ್ಚಿನಿಂದ, ಇನ್ನೊಬ್ಬಳು ತನ್ನ ನೋವು ಅವಳಿಗೆ ತಿಳಿದೀತೆಂಬ ಆಸೆಯಿಂದ ಹೊರಡುತ್ತಾರೆ. ಸುಜು ದಾರಿಯಲ್ಲಿ ತಮ್ಮನಂತೆ ಪ್ರೀತಿಸಿದ ಹುಡುಗ ಜಿಲ್ಲಾಧಿಪತಿಯೊಬ್ಬನ ಬಂಡಿಗೆ ಸಿಕ್ಕಿ ಸಾಯುತ್ತಾನೆ. ಬೆಳೆದ ಹತ್ತರಲ್ಲಿ ಏಳು ಪಾಲು ತೆರಿಗೆ ಎಳೆಯುವ ಅಧಿಕಾರಿ ಅವನು.

ಮೂವರೂ ಪರಸ್ಪರ ಯಾರೆಂದು ತಿಳಿಯದೆಯೇ ಆ ಅಧಿಕಾರಿಯ ವಿರುದ್ಧದ ದಂಗೆಯಲ್ಲಿ ಕೂಡುತ್ತಾರೆ. ತನ್ನ ಹೆಸರಿನಲ್ಲಿ ನಡೆಯುವ ಆಡಳಿತದ ವಿರುದ್ಧ ರಾಣಿಯೇ ಕತ್ತಿ ಹಿಡಿಯುತ್ತಾಳೆ. ದಂಗೆಯನ್ನು ಹತ್ತಿಕ್ಕಲು ಬರುವುದು ಅವಳದೇ ಸೈನ್ಯ! ರಕ್ತದ ವಾಸನೆಗೆ ಹೇಸುವ ಕೇಕಿ ರಣರಂಗಕ್ಕೆ ಬಂದು, ಮೃಗರೂಪದಲ್ಲಿ ಅವಳನ್ನು ಬೆನ್ನಿನ ಮೇಲೆ ಹೊತ್ತು ನಿಂತಾಗ ಸಾವಿರಾರು ಸೈನಿಕರು ನೆಲಕ್ಕೆ ಅಡ್ಡಬೀಳುತ್ತಾರೆ. ಜನಪ್ರಿಯ ಕಥೆಗಳು ಮುಗಿಯುವುದು ಇಂಥ ಕಡೆಯೇ. ‘ಜೂನಿ ಕೊಕುಕಿ’ ಇನ್ನೊಂದು ಹೆಜ್ಜೆ ಮುಂದಿಡುತ್ತದೆ.

ಅರಮನೆಗೆ ಮರಳಿದ ಯೋಕೊ ತನ್ನ ಮೊದಲ ಶಾಸನ ಹೊರಡಿಸುತ್ತಾಳೆ. ಧಾರ್ಮಿಕ ಆಚರಣೆ, ಪರರಾಜ್ಯದ ರಾಯಭಾರಿಗಳ ಭೇಟಿಯಂಥ ಸಂದರ್ಭಗಳ ಹೊರತು ಇನ್ನು ಮುಂದೆ ಯಾರೂ ಯಾರಿಗೂ ನೆಲಕ್ಕೆ ಹಣೆ ಹಚ್ಚಿ ಅಡ್ಡಬೀಳಕೂಡದು. ಮಂತ್ರಿಗಳು ದಂಗಾಗುತ್ತಾರೆ. ಗೌರವ ಹೋಗುವುದೆಂದು ಕೇಕಿಯೂ ಅಳುಕುತ್ತಾನೆ. ರಾಣಿಯ ವಿವರಣೆ ಸರಳ. ಬಗ್ಗಿದವರ ಮುಖ ಕಾಣುವುದಿಲ್ಲ. ಬಗ್ಗಿಸಿಕೊಂಡವನು ತಾನು ದೊಡ್ಡವನೆಂದು ನಂಬತೊಡಗುತ್ತಾನೆ, ಬಗ್ಗಿದವನು ತನ್ನ ಬಾಳಿಗೆ ತಾನು ಒಡೆಯನೆಂಬುದನ್ನು ಮರೆಯುತ್ತಾನೆ. ಪರರ ಕಣ್ಣಿಗಂಜಿ ತಲೆ ತಗ್ಗಿಸಿ ಬಾಳಿದವಳಿಗಲ್ಲದೆ ಬೇರೆಯವರಿಗೆ ಈ ಶಾಸನ ಹೊಳೆಯುತ್ತಿರಲಿಲ್ಲ. ತೆರಿಗೆ ಇಳಿಸಬಹುದಿತ್ತು, ಸೆರೆಯಾಳುಗಳನ್ನು ಬಿಡಬಹುದಿತ್ತು. ಅವೆಲ್ಲ ಯಾವ ಒಳ್ಳೆಯ ದೊರೆಯೂ ಮಾಡುವಂಥವು.

ತೆರೆಗೆ ಬಂದಾಗ

ಕಾದಂಬರಿಯಿಂದ ತೆರೆಗೆ ಬರುವಾಗ ಆದ ದೊಡ್ಡ ಬದಲಾವಣೆ ಯೋಕೊಳ ಸಂಗಡಿಗರದು. ಪುಸ್ತಕದಲ್ಲಿ ಅವಳು ದಾಟಿ ಬರುವುದು ಒಬ್ಬಂಟಿಯಾಗಿ. ಅವಳೊಳಗಿನ ಕೆಟ್ಟ ಯೋಚನೆಗಳಿಗೆ ಬಾಯಿಕೊಡುವುದು ಕಣ್ಣಿಗೆ ಬಿದ್ದು ಮಾಯವಾಗುವ ನೀಲಿ ಕೋತಿಯೊಂದು. ಧಾರಾವಾಹಿಯಲ್ಲಿ ಸುಗಿಮೊತೊ ಮತ್ತು ಅಸಾನೊ ಎಂಬ ಇಬ್ಬರು ಸಹಪಾಠಿಗಳೂ ಜೊತೆಗೆ ಕೊಚ್ಚಿಬರುತ್ತಾರೆ. ಪುಸ್ತಕದಲ್ಲಿ ಸುಗಿಮೊತೊ ಶಾಲೆಯಲ್ಲಷ್ಟೇ ಕಾಣಿಸುವವಳು, ಅಸಾನೊ ಅಲ್ಲಿ ಇಲ್ಲವೇ ಇಲ್ಲ. ಸುಗಿಮೊತೊಳನ್ನು ಬೆಳೆಸಿದ್ದು ಸಾರ್ಥಕವಾಗಿದೆ. ಶಾಲೆಯಲ್ಲಿ ತುಳಿಸಿಕೊಂಡವಳು, ಈ ಲೋಕ ತನಗಾಗಿಯೇ ಕಾದಿತ್ತು, ಆಯ್ಕೆಯಾದವಳು ತಾನೇ ಎಂದು ನಂಬಿ ಕೋ ಅರಸನ ಕೈಗೊಂಬೆಯಾಗುತ್ತಾಳೆ. ಅನ್ಯಲೋಕದ ಕಥೆಗಳನ್ನು ಓದಿ ಅಂಥದೊಂದು ಲೋಕಕ್ಕೆ ಹಂಬಲಿಸುವ ಓದುಗರಿಗೇ ಹಿಡಿದ ಕನ್ನಡಿ ಆ ಪಾತ್ರ. ಅಸಾನೊನ ವಿಷಯದಲ್ಲಿ ಹಾಗೆನ್ನಲಾಗದು. ಅವನನ್ನು ಏನು ಮಾಡಬೇಕೆಂದು ಬರೆದವರಿಗೂ ಕೊನೆಯವರೆಗೆ ಸ್ಪಷ್ಟವಿದ್ದಂತಿಲ್ಲ.

ದೋಷಗಳು ಇನ್ನೂ ಇವೆ. ಕಥೆಯ ನಡಿಗೆ ನಿಧಾನ. ಹಿಂದಿನದನ್ನು ಮತ್ತೆ ತೋರಿಸುವ ಭಾಗಗಳು ತಾಳ್ಮೆಯನ್ನು ಪರೀಕ್ಷಿಸುತ್ತವೆ. ಅರಸರಿಗೆ ಪದವಿಯ ಹೆಸರೊಂದು, ಸ್ವಂತ ಹೆಸರೊಂದು ಇರುವುದರಿಂದ ಹೊಸ ಪ್ರೇಕ್ಷಕರು ಮೊದಲ ಹತ್ತು ಕಂತುಗಳಲ್ಲಿ ಕಕ್ಕಾಬಿಕ್ಕಿಯಾಗುವುದು ಖಚಿತ. ಆದರೆ ಅಕಿಹಿರೊ ಯಮಾದಾ ಕಾದಂಬರಿಗಳಿಗೆ ಬರೆದ ಚಿತ್ರಗಳ ಸೊಬಗನ್ನು ತೆರೆಗೆ ತರುವ ಯತ್ನ ಬಹುಮಟ್ಟಿಗೆ ಫಲಿಸಿದೆ. ಟೋಕಿಯೊದಲ್ಲಿ ಕೊರಿಯನ್ ಕುಟುಂಬದಲ್ಲಿ ಹುಟ್ಟಿದ ಸಂಗೀತಗಾರ ಕುನಿಹಿಕೊ ರ್ಯೋ ಅವರ ಸಂಗೀತವಂತೂ ಸರಣಿಯ ಜೀವ. ಮಾತಿಲ್ಲದ, ವಾದ್ಯಗಳಷ್ಟೇ ನುಡಿಯುವ ಆರಂಭಗೀತೆ ಆ ಕಾಲದ ಟಿವಿ ಧಾರಾವಾಹಿಗಳಲ್ಲಿ ವಿರಳ. ಯೋಕೊಗೆ ಕಂಠ ನೀಡಿದ ಆಯಾ ಹಿಸಕಾವಾ ಅವರ ದನಿ ಮೊದಲ ಕಂತಿನ ಪಿಸುಮಾತಿನಿಂದ ಶಾಸನ ಓದುವ ಗಟ್ಟಿತನದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ.

ಕೊನೆಯ ಐದು ಕಂತುಗಳು ಎನ್ ಅರಸ ಶೋರ್ಯೂ ಮತ್ತು ಅವನ ಕಿರಿನ್ ರೊಕುತಾನ ಪೂರ್ವಕಥೆ. ಹದಿನೈದನೇ ಶತಮಾನದಲ್ಲಿ ಓನಿನ್ ಯುದ್ಧ ಕ್ಯೋಟೊವನ್ನು ಸುಟ್ಟು ಬೂದಿಮಾಡಿದಾಗ ಊಟಕ್ಕಿಲ್ಲದ ತಂದೆ ತಾಯಿ ಕಾಡಿನಲ್ಲಿ ಬಿಟ್ಟುಹೋದ ಮಗು ರೊಕುತಾ. ಅರಸರೆಂದರೆ ಜನರನ್ನು ಸಾಯಿಸುವವರು ಎಂದು ನಂಬಿದ ಅವನೇ ಅರಸನನ್ನು ಆರಿಸಬೇಕಾದ ವಿಪರ್ಯಾಸ ಅಲ್ಲಿಯ ತಿರುಳು.

ಉಳಿದ ಕಥೆ

ಸರಣಿ ಅಲ್ಲಿಗೆ ನಿಂತಿತು. ಯೋಕೊಳ ಕಥೆ ಒಂದು ನಿಲ್ದಾಣ ತಲುಪಿದರೂ ತೈಕಿಯದು ಅರ್ಧದಲ್ಲಿ ತುಂಡಾಯಿತು. ಅವನೂ ಅವನ ಅರಸನೂ ಕಾಣೆಯಾದರೆಂಬಲ್ಲಿಗೆ ಪ್ರೇಕ್ಷಕರು ಉಳಿದರು. ಪುಸ್ತಕ ಓದುವವರ ಪಾಡೂ ಬಹುಕಾಲ ಅದೇ ಆಗಿತ್ತು. 2001ರ ಕಾದಂಬರಿಯಲ್ಲಿ ತೈ ರಾಜ್ಯದ ಸೇನಾನಿಯೊಬ್ಬಳು ಗಾಯಗೊಂಡು ಯೋಕೊಳ ಬಾಗಿಲಿಗೆ ಬಂದು ನೆರವು ಬೇಡುತ್ತಾಳೆ, ಹಲವು ರಾಜ್ಯಗಳ ಕಿರಿನ್‌ಗಳು ಕೂಡಿ ತೈಕಿಯನ್ನು ಜಪಾನಿನಲ್ಲಿ ಹುಡುಕಿ ತರುತ್ತಾರೆ. ಅವನ ಅರಸನ ಗತಿ ಏನಾಯಿತೆಂಬುದಕ್ಕೆ ಉತ್ತರ ಸಿಕ್ಕಿದ್ದು ಹದಿನೆಂಟು ವರ್ಷಗಳ ಬಳಿಕ, 2019ರ ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ನಾಲ್ಕು ಸಂಪುಟಗಳಾಗಿ ಬಂದ ಕಾದಂಬರಿಯಲ್ಲಿ. ಅಷ್ಟರಲ್ಲಿ ಮಾಲೆ ಕೊದಾನ್ಶಾದಿಂದ ಶಿಂಚೋಶಾ ಪ್ರಕಾಶನಕ್ಕೆ ಬಂದಿತ್ತು. 2012ರಿಂದ ಹಳೆಯ ಸಂಪುಟಗಳೆಲ್ಲ ಯಮಾದಾ ಅವರ ಹೊಸ ಚಿತ್ರಗಳೊಡನೆ ಮರುಮುದ್ರಣಗೊಂಡಿದ್ದವು. ಹುಡುಗಿಯರ ಪುಸ್ತಕವೆಂದು ಶುರುವಾದದ್ದನ್ನು ಆಗ ಕೊಂಡವರಲ್ಲಿ, 1992ರಲ್ಲಿ ಹುಡುಗಿಯರಾಗಿದ್ದ ಹೆಂಗಸರೂ ಇದ್ದರು. ಇಂಗ್ಲ���ಷ್‌ನಲ್ಲಿ ಟೋಕಿಯೊಪಾಪ್ ಪ್ರಕಾಶನ 2007ರಿಂದ 2010ರವರೆಗೆ ನಾಲ್ಕು ಕಾದಂಬರಿಗಳನ್ನಷ್ಟೇ ಹೊರತಂದು ನಿಲ್ಲಿಸಿತು.

ಅನ್ಯಲೋಕದ ಕಥೆಗಳಿಗೆ ಈಗ ಜಪಾನಿನಲ್ಲಿ ‘ಇಸೆಕೈ’ ಎಂಬ ಪ್ರತ್ಯೇಕ ಹೆಸರೇ ಇದೆ. 2010ರ ದಶಕದಿಂದೀಚೆಗೆ ಅವು ಲೆಕ್ಕಕ್ಕೆ ಸಿಗದಷ್ಟು ಬಂದಿವೆ. ಅವುಗಳ ನಾಯಕರು ಹೆಚ್ಚಾಗಿ ಹುಡುಗರು. ಹೊಸ ಲೋಕಕ್ಕೆ ಕಾಲಿಟ್ಟ ದಿನವೇ ಅವರಿಗೆ ಅಪಾರ ಶಕ್ತಿ ಬಂದಿರುತ್ತದೆ, ಎದುರಿಗೆ ಬಂದವರೆಲ್ಲ ಬಾಗುತ್ತಾರೆ. ಇಂಥ ಕಥೆಗಳ ಪಟ್ಟಿಗಳಲ್ಲಿ ‘ಜೂನಿ ಕೊಕುಕಿ’ಯ ಹೆಸರೂ ಇರುತ್ತದೆ.